ಮಾವನವರ ದಶಮಾಂಶ

ಮಾನ್ಯ ಓದುಗರ ಅವಗಾಹನೆಗೆ ಮೊಟ್ಟಮೊದಲಿಗೆ ತರಬಯಸುವುದೇನೆಂದರೆ, ಅಂಕಿಗಳೂ ನೆಂಟರಂತೆಯೇ. ಕೊನೆಯಲ್ಲಿ ನಿಂತವರು ಚಿಕ್ಕವರೆಂದು ಕೈಬಿಟ್ಟರೆ ಇಡೀ ಬಳಗವೇ ಮುನಿಸಿಕೊಳ್ಳುತ್ತದೆ. ಸದರಿ ಜ್ಞಾನವು ನಾನು ಟಿ. ನರಸೀಪುರದ ಕಡೆ ಹಾಲು ಸಂಘಗಳ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಅಲ್ಲಿಗೆ ಹೊಸದಾಗಿ ಕಂಪ್ಯೂಟರ್ ಆಗಮಿಸಿದ ಸಂದರ್ಭದಲ್ಲಿ ಪ್ರಾಪ್ತವಾಯಿತು. ವಾರ್ಷಿಕ ಸಭೆಗೆಂದು ಊರೂರಿನ ಹಾಲಿನ ಫ್ಯಾಟನ್ನು ತೋರಿಸುವ ಕಂಬಗಳ ನಕ್ಷೆಯೊಂದನ್ನು ತಯಾರಿಸುವಂತೆ ನನಗೆ ಆದೇಶವಾಗಿತ್ತು. ಪಾಯಿಂಟಿನ ಮುಂದಿನ ಅಂಕಿಗಳು ಬಹಳ ಗಿಜಿಗಿಜಿ ಎನ್ನಿಸಿದ್ದರಿಂದ, ಅವುಗಳನ್ನು ನಿವಾರಿಸುವ ಗುಂಡಿಯನ್ನು ಭಕ್ತಿಪೂರ್ವಕವಾಗಿ ಒತ್ತಿದೆನು. ನಕ್ಷೆಯು ಆಗತಾನೇ ಕ್ಷೌರ ಮಾಡಿಸಿಕೊಂಡ ಮದುಮಗನಂತೆ ಕಂಗೊಳಿಸಿತು. ಆದರೆ ನಂಜನಗೂಡಿನ ಬಳಿಯ ನನ್ನ ಮಾವನವರ ಊರಿನ 4.48 ಎಂಬುದು 4 ಆಗಿ, ಹೊಳೆಯಾಚೆಯ ಅವರ ಬದ್ಧವೈರಿ ಊರಿನ 4.51 ಎಂಬುದು 5 ಆಗಿಬಿಟ್ಟಿತು.

ಮಾವನವರು ತಮ್ಮೂರಿನ ಸಂಘದ ಅಧ್ಯಕ್ಷರು. ತುಂಬಿದ ಸಭೆಯಲ್ಲಿ ವೈರಿ ಊರಿನವರೊಬ್ಬರು ಎದ್ದು ನಿಂತು, "ಅಧ್ಯಕ್ಷ್ರೇ, ಕಂಬ ಎಲ್ಡೂ ಒಂದೇ ಉದ್ದ ಅವೆ, ನಿಮ್ ನಂಬರ್ ಮಾತ್ರ ಒಂದು ಕಮ್ಮಿ! ನಿಮ್ ಕಂಬದ ತುದೀಲಿರೋದು ಬರೀ ನೊರೆಯಾ?" ಎಂದರು. ಸಭೆಯು ಬಿದ್ದು ಬಿದ್ದು ನಕ್ಕಿತು.

ಮಾವನವರು ನಗಲಿಲ್ಲ. ನನ್ನನ್ನು ಬದಿಗೆ ಕರೆದು, "ಅಳಿಯಂದ್ರೇ, ನಮ್ ಪಾಯಿಂಟು ತಿಂದ್ಕಂಡೋರು ನೀವೇ ತಾನೆ? ಅದು ವಾಪಸ್ ಬರಗಂಟ ಮಗಳ್ನ ಕಳ್ಸಕಿಲ್ಲ" ಎಂದರು. ಗೌರಿ ಹಬ್ಬಕ್ಕೆಂದು ತವರಿಗೆ ತೆರಳಿದ್ದ ನನ್ನ ಶ್ರೀಮತಿಯವರು ಹೀಗೆ ದಶಮಾಂಶದ ಒತ್ತೆಯಾಳಾದರು. ಉಪ್ಪಿಟ್ಟನ್ನು ನಾನೇ ಮಾಡಿ ನಾನೇ ತಿನ್ನಬೇಕಾದ ಉಭಯಸಂಕಟವು ಉದ್ಭವಿಸಿತು.

ತಕ್ಷಣ ಕ್ರಮ ಕೈಗೊಳ್ಳುವ ಸಲುವಾಗಿ ಕಚೇರಿಗೆ ಓಡಿ, ಅಂಕಿಗಳನ್ನು ಮರಳಿಸುವ ಪಕ್ಕದ ಗುಂಡಿಯನ್ನು ಎರಡು ಸಲ ಒತ್ತಿದೆನು. 4.48 ಮರಳಿ ಬಂತು! ಆನಂದ ತಡೆಯಲಾರದೆ, ಮಾವನವರ ಅಂಕಿಯೊಂದನ್ನೇ ಆರಿಸಿಕೊಂಡು ಒತ್ತುತ್ತಲೇ ಹೋದೆನು. ಮಾವನವರ ಕಂಬದ ಮೇಲೆ 4.4800000! ವೈರಿಗಳಿಗೆ ಮಾತ್ರ, ನಿಯಮಾನುಸಾರ, 4.51.

ಅವರ ಊರಿಗೇ ಒಯ್ದ ಹೊಸ ನಕ್ಷೆಯನ್ನು ಕಂಡು ಮಾವನವರ ಮೀಸೆ ಅರಳಿತು. "ಮಾವ, ಈಗ್ಲೂ ಅವ್ರದ್ದೇ ಜಾಸ್ತಿ. ಇವೆಲ್ಲ ಬರೀ ಸೊನ್ನೆ" ಎಂದು ಪ್ರಾಮಾಣಿಕವಾಗಿ ನಿವೇದಿಸಿಕೊಂಡೆನು.

"ನಂಗೊತ್ತಿಲ್ವಾ? ದೂರದಿಂದ ನೋಡೋರ್ಗೆ ನಮ್ದೇ ಉದ್ದ ಕಾಣ್ತದೆ, ಸುಮ್ಕಿರಿ" ಎಂದವರೇ, ಅಂದೇ ಮಗಳನ್ನು ನನ್ನೊಡನೆ ಬಸ್ಸು ಹತ್ತಿಸಿದರು.

ಬಸ್ಸಿನಲ್ಲಿ ಶ್ರೀಮತಿಯವರು, "ಅಪ್ಪಂಗೇನೋ ಸೊನ್ನೆ ಕೊಟ್ಟು ಒಪ್ಪಿಸ್ಬುಟ್ರಿ. ನಂಗೇನ್ ಕೊಡ್ತೀರಿ?" ಎಂದು ವಿಚಾರಿಸಿದರು. ಸೂಕ್ತ ಉತ್ತರ ನೀಡಲು ಕಾಲಾವಕಾಶ ಕೋರಿದೆನು. ಸದರಿ ಕೋರಿಕೆಯು ಇಂದಿಗೂ ಅವರ ಪರಿಶೀಲನೆಯಲ್ಲಿರುತ್ತದೆ.