ನನ್ನನ್ನು ಸಾಯಿಸಿದ ಡಾಕ್ಟರಮ್ಮ

ಆ ಗೊರಕೆ ಈಗಲೂ ನನ್ನ ಕಿವಿಯಲ್ಲಿದೆ. ಗಂಜಾಂನ ನಮ್ಮ ನಡುಮನೆಯಿಂದ ಹೊರಟು, ನಿಮಿಷಾಂಬೆ ಗುಡಿಯ ಗಂಟೆಯನ್ನೇ ಹೆದರಿಸುವಂಥ ಗೊರಕೆ! ಅಷ್ಟು ಸಣ್ಣ ಮೂಗಿನಿಂದ ಅಷ್ಟು ದೊಡ್ಡ ಸದ್ದು ಹೇಗೆ ಬರುತ್ತದೆ? ಅವಳು ಓದಿದ ಮೆಡಿಸಿನ್ನೇ ಹೇಳಬೇಕು. ಅವಳು ನನ್ನ ಅಕ್ಕನ ಮೊಮ್ಮಗಳು, ಡಾಕ್ಟರು. ಡಾಕ್ಟರಾಗಿ ಮೊದಲು ಸಾಯಿಸಿದ್ದು ನನ್ನನ್ನೇ!

ಗಾಬರಿಯಾಗಬೇಡಿ, ಪ್ಲೀಸ್. ಎಂ.ಡಿ. ಮಾಡಲು ಅವಳು ದೂರದ ದೊಡ್ಡ ಆಸ್ಪತ್ರೆಯೊಂದನ್ನು ಸೇರಿದ್ದಳು. ಅಲ್ಲಿ ಹಗಲು ಡ್ಯೂಟಿ ಮುಗಿದರೆ ರಾತ್ರಿ ಡ್ಯೂಟಿ, ಅದು ಮುಗಿದರೆ ಮತ್ತೆ ಹಗಲು ಡ್ಯೂಟಿ. ನಿದ್ದೆ ಎಂಬುದು ರೋಗಿಗಳಿಗೆ ಮಾತ್ರ ಬರೆದುಕೊಡುವ ಔಷಧ. ಪಾಂಡವಪುರದ ನೆಂಟರ ಗೃಹಪ್ರವೇಶದಲ್ಲಿ ಹೋಳಿಗೆ ಬಾಯಲ್ಲಿರುವಾಗಲೇ ನಿದ್ದೆಹೋದಳು. ಬಡಿಸುವವರು ಎಲೆಗೆ ಹಾಕಬೇಕಾದ ತುಪ್ಪವನ್ನು ಎಲೆಯ ಮೇಲೆ ಬಿದ್ದಿದ್ದ ಜಡೆಗೆ ಹಾಕಿ ಮುಂದೆ ಹೋದರು!

ರಜ ಕೇಳಿದರೆ, “ಯಾರಾದರೂ ಸತ್ತಿದ್ದಾರಾ?” ಎನ್ನುತ್ತಿದ್ದರಂತೆ ದೊಡ್ಡ ಡಾಕ್ಟರು. ಒಂದು ದಿನ ತಡೆಯಲಾರದೆ, “ಹೌದು ಸರ್, ಅಜ್ಜಿ” ಎಂದುಬಿಟ್ಟಳು. ನೇರ ನನ್ನ ಮನೆಗೆ ಬಂದಳು.

“ಚಿಕ್ಕಜ್ಜೀ, ನಿನ್ನ ಸಾಯಿಸ್ಬಿಟ್ಟಿದೀನಿ. ಯಾರಾದ್ರೂ ಫೋನ್ ಮಾಡಿದ್ರೆ ಸ್ವಲ್ಪ ನೋಡ್ಕೋ” ಎಂದವಳೇ ಚಾಪೆಯ ಮೇಲೆ ಬಿದ್ದಳು.

ಫೋನು ಬಂದೇ ಬಂತು. ಆಸ್ಪತ್ರೆಯಲ್ಲಿ ಅವಳ ಜೊತೆ ಕೆಲಸ ಮಾಡುವ ಹುಡುಗಿ.

“ಆಂಟಿ, ಅಜ್ಜಿ ವಿಷ್ಯ ಕೇಳಿ ತುಂಬ ಬೇಜಾರಾಯ್ತು.”

“ನನಗೂ ಅಷ್ಟೇಮ್ಮ. ಥ್ಯಾಂಕ್ ಯೂ.”

“ತುಂಬ ವಯಸ್ಸಾಗಿತ್ತಾ?”

“ಛೆ ಛೆ! ಸಾಯೋ ವಯಸ್ಸೇ ಅಲ್ಲ!”

ಕಾನ್ವೆಂಟಿನಲ್ಲಿ ಕಲಿತವಳು ನಾನು. ಸಂತಾಪವನ್ನು ಗ್ರೇಸ್‌ಫುಲ್ ಆಗಿ ಸ್ವೀಕರಿಸಬೇಕಲ್ಲವೆ, ಅದು ಸ್ವಂತದ್ದೇ ಆದರೂ?

ಕೆ.ಆರ್. ಪೇಟೆಯಲ್ಲಿದ್ದ ಅಕ್ಕನಿಗೆ ಇದು ತಿಳಿದಾಗ ಹೊಟ್ಟೆಕಿಚ್ಚು! ಹುಡುಗಿಯನ್ನು ಸಾಕಿ ಬೆಳೆಸಿದ ಸ್ವಂತ ಅಜ್ಜಿಯಲ್ಲವೆ?

“ದೊಡ್ಡೋಳು ನಾನಿಲ್ವಾ? ನನ್ ಬುಟ್ಟು ಅವಳ್ನ ಯಾಕವ್ವ ಸಾಯ್ಸ್ದೆ?”

“ನಿನ್ನ ಸಾಯ್ಸಕ್ಕೆ ಬಾಯಿ ಬರ್ಲಿಲ್ಲ ಕಣಜ್ಜಿ.”

“ನನ್ನನ್ನಾದರೆ ಬಂತಾ?” ಎಂದೆ ನಾನು.

“ಬುಡೇ, ನಿಂಗ್ಯಾಕೆ ಸಿಟ್ಟು? ಮುಂದ್ಲ ಕಿತ ನನ್ನೇ ಸಾಯ್ಸ್ಲಿ” ಎಂದು ಅಕ್ಕ ನಕ್ಕಳು.

ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ಎದೆನೋವೆಂದು ಮಲಗಿದವಳು, “ಕೂಸು ಬತ್ತಾ, ಕೂಸು ಬತ್ತಾ” ಎಂದು ಬಾಗಿಲನ್ನೇ ನೋಡತೊಡಗಿದಳು. ಅಲ್ಲಿ ಇವಳು ರಜ ಕೇಳಿದಳು.

“ನಿಮ್ಮಜ್ಜಿ ಆಗಲೇ ಹೋದರಲ್ಲ? ಹೌ ಮೆನಿ ಗ್ರ್ಯಾಂಡ್‌ಮದರ್ಸ್ ಡು ಯೂ ಹ್ಯಾವ್?” ಎಂದರಂತೆ ದೊಡ್ಡ ಡಾಕ್ಟರು. ರೂಮಿಗೆ ರೂಮೇ ನಕ್ಕಿತಂತೆ. ವೆರಿ ಫನ್ನಿ! ಆ ದಿನವೆಲ್ಲ ಅವಳು ಬೇರೆಯವರ ಅಜ್ಜಿಯರ ನಾಡಿ ಹಿಡಿದಳು. ಊರಿಗೆ ಬಂದಾಗ ಅಕ್ಕ ಮಣ್ಣಾಗಿದ್ದಳು. ಉಳಿದಿದ್ದದ್ದು ಹಾಲು-ತುಪ್ಪದ ಶಾಸ್ತ್ರ. ಮುಖ ನೋಡಬೇಕಾದವಳು ಗುಡ್ಡೆಯ ಮೇಲೆ ಹಾಲು ಹೊಯ್ದಳು.

“ಡಾಕ್ಟ್ರಾಗಿ ಏನ್ ಬಂತು? ಸಾಕ್ದೋಳ ಬಾಯ್ಗೆ ನೀರು ಬುಡಾಕೂ ಬರ್ನಿಲ್ಲ” ಎಂದರು ನೆಂಟರು, ಅವಳಿಗೆ ಕೇಳಿಸುವಂತೆಯೇ.

ಎಂ.ಡಿ. ಪಾಸಾದಾಗ ಅದೇ ನೆಂಟರು ಫ್ಲೆಕ್ಸ್ ಕಟ್ಟಿಸಿ, ಸುಡುಬಿಸಿಲಲ್ಲಿ ಶಾಲು ಹೊದಿಸಿದರು. “ನಮ್ಮುಡ್ಗಿ ಬೋ ತ್ಯಾಗ ಮಾಡವ್ಳೆ!” ಎಂದು ಮೈಕಿನಲ್ಲಿ ಕೂಗಿದರು. ಏನನ್ನು ಎಂದು ಯಾರೂ ಹೇಳಲಿಲ್ಲ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಆಫ್‌ಕೋರ್ಸ್.

ಅವಳನ್ನು ಕೊನೆಯ ಸಲ ನೋಡಿದ್ದು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ. ನಾಗಮಂಗಲದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೊರಟಿದ್ದಳು.

“ಅಂತೂ ಮುಗೀತಲ್ಲೇ, ಏನು ಕಲಿತೆ?” ಎಂದೆ.

“ಅಳೋದಾದ್ರೆ ಲಿಫ್ಟ್ ಬೇಡ ಚಿಕ್ಕಜ್ಜಿ, ಮೆಟ್ಲೇ ವಾಸಿ. ಲಿಫ್ಟಿನ ಬಾಗ್ಲು ತೆರ್ಕೊಂಡ್ಬಿಡುತ್ತೆ.”

ಅವಳ ಕೈಯಿಂದ ಬ್ಯಾಗು ತೆಗೆದುಕೊಂಡೆ. ಅವಳೇ ಮಾತು ಮುಂದುವರಿಸಿದಳು.

“ಕೊನೇ ವಾರ ನನ್ನ ಜೂನಿಯರ್ ಒಬ್ಬ ಬಂದ. ಅಜ್ಜಿ ತೀರ್ಕೊಂಡ್ರು ಮೇಡಂ, ರಜ ಬೇಕು ಅಂದ.”

“ನಿಜವೇನೇ?”

“ಎಲ್ಲಿ ನಿಜ? ನಿಂತಲ್ಲೇ ತೂಕಡಿಸ್ತಿದ್ದ.”

“ನೀನೇನಂದೆ?”

“ಹೋಗಿ ಮಲ್ಕೋ, ಎದ್ದ ಮೇಲೆ ನಿಮ್ಮಜ್ಜಿಗೊಂದು ಫೋನ್ ಮಾಡು ಅಂದೆ. ಅವನ ವಾರ್ಡು ನಾನೇ ನೋಡ್ಕೊಂಡೆ.”

ಬಸ್ಸು ಬಂತು. ಕಿಟಕಿಯ ಪಕ್ಕ ಕೂತವಳಿಗೆ ಕೈಬೀಸಲು ಹೋದೆ. ಆಗಲೇ ಸರಳಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಕಂಡಕ್ಟರನ್ನು ಕರೆದೆ.

“ನಾಗಮಂಗಲ ಬಂದಾಗ ಎಬ್ಬಿಸಪ್ಪ. ಅಲ್ಲೀತನಕ ಯಾರೂ ಮಾತಾಡಿಸಬೇಡಿ.”

“ಯಾಕಮ್ಮೋ, ಮಗೀಗೆ ಉಸಾರಿಲ್ವಾ?”

“ಡಾಕ್ಟರು ಕಣಪ್ಪ” ಎಂದೆ.