ಬೊಟ್ಟಿಟ್ಟ ಅಕ್ಷರಗಳನ್ನು ಒರೆಸಿದ ತಪ್ಪಿಗೆ

ಕೀಬೋರ್ಡ್ ಕಂಪನಿಯ ಅಕ್ಷರ ಮುದ್ರಣ ವಿಭಾಗದ ಮುಖ್ಯಸ್ಥರಿಗೆ, ನಾಲ್ಕು ಜನ ಓದಲೆಂದೇ ಬರೆದ ಪತ್ರ

ಮಾನ್ಯರೇ,

ತಮಗೂ ತಮ್ಮ ಮನೆಮಂದಿಗೂ ತಮ್ಮ ಕಾರ್ಖಾನೆಯ ಶಾಯಿಗೂ ದೇವರು ದೀರ್ಘಾಯುಷ್ಯ ಕೊಡಲಿ. ಶಾಯಿಗೆ ಒಂದಿಷ್ಟು ಹೆಚ್ಚೇ ಕೊಡಲಿ ಎಂದು ದಿನಾ ಬೆಳಿಗ್ಗೆ ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ.

ನಾನು ಒಂದು ಕಣ್ಣಾಸ್ಪತ್ರೆಯಲ್ಲಿ ರೋಗಿಗಳ ಚೀಟಿ ಟೈಪು ಮಾಡುವವಳು. ಇದಕ್ಕೆ ಮೊದಲು ಹದಿನೆಂಟು ವರ್ಷ ಅದೇ ಆಸ್ಪತ್ರೆಯ ನೆಲ ಒರೆಸಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ನಾನು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಎರಡೇ ಬೆರಳಿನಲ್ಲಿ ಅಕ್ಷರ ಹೆಕ್ಕುವುದನ್ನು ಕಲಿತು, ಬಕೆಟ್ ಕೆಳಗಿಟ್ಟು ಕುರ್ಚಿ ಹತ್ತಿದವಳು. ಕುರ್ಚಿಯ ಮುಂದೆ ತಮ್ಮ ಕೀಬೋರ್ಡ್ ಇತ್ತು. ಕರಿಯ ಕೀಗಳ ಮೇಲೆ ಬೆಳ್ಳಗೆ ಹೊಳೆಯುವ ಅಕ್ಷರ, ಒತ್ತಿದರೆ ಟಕ್ ಎನ್ನುವ ಗಟ್ಟಿ ದನಿ. ಐದು ಕೋಟಿ ಸಲ ಒತ್ತಿದರೂ ಕೆಡುವುದಿಲ್ಲವೆಂದು ಡಬ್ಬದ ಮೇಲೆ ಬರೆದಿತ್ತು. ತಾವು ಸುಳ್ಳು ಹೇಳಿಲ್ಲ, ಕೀ ಕೆಟ್ಟಿಲ್ಲ. ದೇಹ ಹೋಗಿ ಆತ್ಮ ಉಳಿಯುತ್ತದೆಂದು ಹಿರಿಯರು ಹೇಳುತ್ತಿದ್ದರು, ತಾವು ಅದನ್ನು ತಿರುಗಿಸಿ ದೇಹವನ್ನೇ ಉಳಿಸಿ ತೋರಿಸಿದಿರಿ.

ಮೊದಲು ಹೋದದ್ದು 'ಅ'. ಆಮೇಲೆ 'ನ', 'ರ', 'ಲ' ಒಂದರ ಹಿಂದೊಂದು ಹೊರಟವು. ಎಂಟು ತಿಂಗಳಿಗೆ ಉಳಿದದ್ದು ಮೂಲೆಯ ಒಂದೇ ಕೀ, 'ಞ' ಮತ್ತು 'ಙ' ಇರುವುದು. ಜ್ಞಾನ ಎಂಬ ಪದ ನಮ್ಮ ಚೀಟಿಗಳಲ್ಲಿ ಬರುವುದಿಲ್ಲವಾದ್ದರಿಂದ ಅದು ಈಗಲೂ ಮದುವಣಗಿತ್ತಿಯಂತೆ ಕೂತಿದೆ.

ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಮೈದುನನನ್ನು ಕರೆದು ತೋರಿಸಿದಾಗಲೇ ತಮ್ಮ ಕಸುಬಿನ ಗುಟ್ಟು ನನಗೆ ತಿಳಿದದ್ದು. ಲೋಹದ ತಟ್ಟೆಯಲ್ಲಿ ಅಕ್ಷರ ಕೊರೆದು, ಶಾಯಿ ತುಂಬಿ, ಮೆತ್ತನೆಯ ರಬ್ಬರ್ ಉಂಡೆಯಿಂದ ಆ ಶಾಯಿಯನ್ನು ಎತ್ತಿಕೊಂಡು ಕೀಯ ನೆತ್ತಿಗೆ ಮುಟ್ಟಿಸಿಬಿಡುತ್ತೀರಂತೆ. "ಅತ್ತಿಗೆ, ಇದು ಹಣೆಗೆ ಬೊಟ್ಟಿಟ್ಟ ಹಾಗೆ. ಬೇರೆ ಕಂಪನಿಯೋರು ಹಚ್ಚೆ ಹಾಕ್ತಾರೆ, ಬಿಸಿ ಮಾಡಿ ಬಣ್ಣಾನ ಪ್ಲಾಸ್ಟಿಕ್ ಒಳಗೇ ಇಳಿಸ್ತಾರೆ" ಎಂದ. ಇನ್ನೂ ಕೆಲವರು ಎರಡು ಬಣ್ಣದ ಪ್ಲಾಸ್ಟಿಕ್ ಎರಕ ಹೊಯ್ದು, ಬೀಟ್‌ರೂಟನ್ನು ಎಲ್ಲಿ ಕೊಯ್ದರೂ ಬಳೆ ಕಾಣುವ ಹಾಗೆ, ಎಷ್ಟು ಸವೆದರೂ ಅಕ್ಷರ ಕಾಣುವಂತೆ ಮಾಡುತ್ತಾರಂತೆ. ಇಷ್ಟು ಹೇಳಿದವನು ಕೀಬೋರ್ಡನ್ನು ಮೂಸಿ ನೋಡಿ, "ಇದಕ್ಕೆ ಏನು ಹಾಕಿ ಒರೆಸ್ತಿದ್ರಿ?" ಎಂದು ಕೇಳಿದ.

ಸುಳ್ಳು ಹೇಳಿ ದೇವರ ಮುಂದೆ ನಿಲ್ಲುವವಳಲ್ಲ ನಾನು. ಸ್ಪಿರಿಟ್ ಹಾಕಿ ಒರೆಸುತ್ತಿದ್ದೆ, ದಿನಕ್ಕೆ ಮೂರು ಸಲ. ಸ್ಪಿರಿಟ್ ಮೆತ್ತಗೆ ಮಾಡಿದ ಶಾಯಿಯನ್ನು, ಒತ್ತಿದ ಬೆರಳು ಎತ್ತಿಕೊಂಡು ಹೋಗುತ್ತಿತ್ತಂತೆ. ಹದಿನೆಂಟು ವರ್ಷ ಆಸ್ಪತ್ರೆ ಒರೆಸಿದ ಕೈ ಅದು; ವಿದ್ಯೆಯ ಸಾಮಾನು ಕೊಳೆಯಾಗಿರಬಾರದೆಂದು ತಿಕ್ಕಿ ತಿಕ್ಕಿ ಒರೆಸಿ, ಕಣ್ಣಿಗೊತ್ತಿಕೊಂಡು ಕೆಲಸ ಶುರುಮಾಡುತ್ತಿದ್ದೆ. ತಮಗೆ ಬರೆದ ಮೊದಲ ದೂರಿನಲ್ಲೂ ಇದನ್ನು ಮುಚ್ಚಿಟ್ಟಿರಲಿಲ್ಲ; ತಾವೂ ಅದರ ಉತ್ತರದಲ್ಲಿ ಅದನ್ನೇ ಹಿಡಿದು, 'ಬಳಕೆದಾರರ ಅತಿಯಾದ ಶುಚಿತ್ವದಿಂದಾದ ಹಾನಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲ' ಎಂದು ಬರೆದಿದ್ದೀರಿ. ಶುಚಿತ್ವಕ್ಕೆ ನನಗೆ ಸಿಕ್ಕ ಮೊದಲ ಪ್ರಮಾಣಪತ್ರ ಅದೇ, ಜೋಪಾನವಾಗಿ ಇಟ್ಟಿದ್ದೇನೆ.

ಅಕ್ಷರ ಹೋದ ಮೇಲೆ ನನ್ನ ಮಾನವೂ ಹೊರಟಿತು. 'ಲ' ಎಂದುಕೊಂಡು ಪಕ್ಕದ 'ಕ' ಒತ್ತಿ, ಒಬ್ಬ ಅಜ್ಜನ ಬಲಗಣ್ಣನ್ನು ಬಕಗಣ್ಣು ಮಾಡಿದೆ. "ನಂದು ಕೊಕ್ಕರೆ ಕಣ್ಣಾ ತಾಯಿ?" ಎಂದು ಅವರು ನಕ್ಕರು, ದೊಡ್ಡ ಡಾಕ್ಟರು ನಗಲಿಲ್ಲ. "ಯಾವ ಕಣ್ಣು ಅಂತ ಗೊತ್ತಾಗದಿದ್ರೆ ಆಪರೇಷನ್ ಎಲ್ಲಿಗೆ ಮಾಡ್ಲಿ? ಸೋಮವಾರದವರೆಗೆ ನೋಡ್ತೀನಿ. ಆಮೇಲೆ ನೀವು ಬಕೆಟ್ ಹಿಡ್ಕೊಳ್ಳಿ, ನಮ್ಮ ಔಷಧಿ ಅಂಗಡಿಯವನಿಗೂ ಟೈಪು ಬರುತ್ತೆ, ಅವನು ಇಲ್ಲಿ ಕೂತ್ಕೊಳ್ಳಲಿ" ಎಂದರು. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಮೈದುನ ಕೀಗಳ ಸಾಲುಗಳನ್ನು ಕಾಗದದ ಮೇಲೆ ಬರೆದುಕೊಟ್ಟ. ನಮಗೆ ಶಾಲೆಯಲ್ಲಿ ಏನೇ ಕಲಿಸಿದರೂ ಮಗ್ಗಿಯಂತೆ ಕೂಗಿಸಿಯೇ ಕಲಿಸುತ್ತಿದ್ದುದರಿಂದ ನಾನೂ ಹಾಗೇ ಮೂರೂ ಸಾಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ರಾಗವಾಗಿ ಬಾಯಿಪಾಠ ಮಾಡಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದವರು ಯಾವುದೋ ಸ್ತೋತ್ರವೆಂದುಕೊಂಡು ಕೈಮುಗಿದರು. ನಾನು ಬೇಡವೆನ್ನಲಿಲ್ಲ, ಆ ಹೊತ್ತಿನಲ್ಲಿ ಯಾರ ಪ್ರಾರ್ಥನೆಯಾದರೂ ಆದೀತು ಎನ್ನುವಂತಿತ್ತು.

ಸೋಮವಾರ ಔಷಧಿ ಅಂಗಡಿಯವರು ತೋಳು ಮಡಿಸಿಕೊಂಡು ಬಂದು ಕೂತು, "ಡಾಕ್ಟ್ರೇ, ಇದ್ರಲ್ಲಿ ಏನೂ ಬರ್ದೇ ಇಲ್ವಲ್ಲ!" ಎಂದರು. ಊರಿನವರ ಕಣ್ಣೆಲ್ಲ ಪರೀಕ್ಷಿಸುವ ದೊಡ್ಡ ಡಾಕ್ಟರು ಬಗ್ಗಿ ನೋಡಿ, ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ನಾನು ಕೂತು, ತುಟಿಯೊಳಗೇ ಸಾಲು ಹೇಳಿಕೊಳ್ಳುತ್ತಾ ಹನ್ನೊಂದು ಚೀಟಿ ಟೈಪು ಮಾಡಿದೆ. ಎಡ ಎಡವಾಗಿಯೇ, ಬಲ ಬಲವಾಗಿಯೇ ಬಂತು. ಡಾಕ್ಟರು ಹನ್ನೊಂದನ್ನೂ ಓದಿ, "ಈ ಕುರ್ಚೀಲಿ ಇನ್ಯಾರೂ ಕೂರೋಕಾಗಲ್ಲ, ನೀವೇ ಇರಿ" ಎಂದು ಹೊರಟುಹೋದರು.

ಕುರ್ಚಿ ಉಳಿಯಿತಲ್ಲ, ಇನ್ನೇನು ದೂರು ಎಂದು ತಾವು ಕೇಳಬಹುದು. ನಾನು ಬಿಟ್ಟ ಬಕೆಟ್ಟನ್ನು ಈಗ ಹಿಡಿದಿರುವ ಹೆಣ್ಣುಮಗಳು ಊಟದ ಬಿಡುವಿನಲ್ಲಿ ನನ್ನ ಪಕ್ಕ ಬಂದು ನಿಲ್ಲುತ್ತಾಳೆ. "ಅಕ್ಕಾ, ನಂಗೂ ಕಲಿಸ್ಕೊಡಿ" ಎನ್ನುತ್ತಾಳೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಬಾಯಿಪಾಠದ ಅಭ್ಯಾಸವೂ ಇಲ್ಲ. ಕಣ್ಣಾರೆ ಕಂಡೇ ಕಲಿಯಬೇಕು. ಆದ್ದರಿಂದ ದಯಮಾಡಿ ಹಚ್ಚೆ ಹಾಕಿದ ಅಕ್ಷರಗಳ ಒಂದು ಕೀಬೋರ್ಡ್ ಕಳಿಸಿ. ಅದು ಆಗದಿದ್ದರೆ ತಾವೇ ಆ ರಬ್ಬರ್ ಉಂಡೆಯೊಂದಿಗೆ ದಿನಾ ಬೆಳಿಗ್ಗೆ ಎಂಟಕ್ಕೆ ಬಂದು ಬೊಟ್ಟಿಟ್ಟು ಹೋಗಿ. ಕೂರಲು ಸ್ಟೂಲ್ ಒರೆಸಿಡುತ್ತೇನೆ.

ಇಷ್ಟಾದರೂ ತಮ್ಮ ಮೇಲಿನ ನಂಬಿಕೆ ಒರೆಸಿಹೋಗದ,
ತಮ್ಮ ವಿಶ್ವಾಸಿ,
ಕಣ್ಣಾಸ್ಪತ್ರೆಯ ಚೀಟಿಯಮ್ಮ

ತಾ.ಕ.: ಕೀಬೋರ್ಡಿನ ನೆತ್ತಿಯ ಮೇಲೆ, ಯಾರ ಬೆರಳೂ ಎಂದೂ ಹೋಗದ ಜಾಗದಲ್ಲಿ, ತಮ್ಮ ಕಂಪನಿಯ ಹೆಸರಿದೆ. ಅದನ್ನೂ ಅಷ್ಟೇ ಸ್ಪಿರಿಟ್ ಹಾಕಿ, ಅಷ್ಟೇ ತಿಂಗಳು ತಿಕ್ಕಿದ್ದೇನೆ, ಒಂದು ಕೂದಲೆಳೆಯಷ್ಟೂ ಮಾಸಿಲ್ಲ. ಬೆಳಕಿನ ಕಿರಣದಿಂದ ಕೊರೆದದ್ದು ಎಂದ ಮೈದುನ. ಆ ಕೆಲಸ ಮಾಡಿದವರು ತಮ್ಮ ವಿಭಾಗದವರೇ ಆಗಿದ್ದರೆ ನನ್ನ ನಮಸ್ಕಾರ ತಿಳಿಸಿ, ಬಿಡುವಾದಾಗ ಒಂದು 'ಅ' ಕೊರೆಯಲು ಹೇಳಿ.