ಬರಿಗೈಯಲ್ಲಿ ನಡೆದವನು

ದರ್ಜಿ ಕಿಹಿಯೊ ಜೀವಮಾನವಿಡೀ ಸೂಜಿ ಹಿಡಿದವನು. ತನ್ನ ಮೈಗೆ ಚುಚ್ಚುವ ಸೂಜಿ ಕಂಡರೆ ಮಾತ್ರ ಮೇಕೆಮರಿಯ ಹಾಗೆ ನಡುಗುತ್ತಿದ್ದ.

“ಸಕ್ಕರೆ ಏರಿದೆ ಅಜ್ಜ. ದಿನಾ ಬೆಳಿಗ್ಗೆ ನಡೀರಿ, ಸಿಹಿ ಬಿಡಿ. ಇಲ್ಲಾಂದ್ರೆ ಸೂಜಿನೇ ಗತಿ,” ಎಂದಿದ್ದಳು ನರ್ಸ್ ತುಮೈನಿ.

ಮರುದಿನ ಕೋಳಿ ಕೂಗುವಾಗಲೇ ಹೊರಟ. ಹೆಂಗಸರು ಅಂಗಳ ಗುಡಿಸುತ್ತಿದ್ದರು. ಮಕ್ಕಳು ಶಾಲೆಯ ಅಂಗಳ ಗುಡಿಸಲು ಮೋಟು ಪೊರಕೆ ಹಿಡಿದು ಓಡುತ್ತಿದ್ದವು. ಕತ್ತಾಳೆ ನಾರಿನ ಲಾರಿ ಕೆಮ್ಮುತ್ತ ಉಸಂಬರ ಬೆಟ್ಟ ಹತ್ತುತ್ತಿತ್ತು. ಆ ಊರಲ್ಲಿ ಸುಮ್ಮನೆ ನಡೆಯುವವರೇ ಇಲ್ಲ. ಹೆಗಲಿಗೆ ಗುದ್ದಲಿಯೋ ತಲೆಗೆ ಬಾಳೆಗೊನೆಯೋ ಇರಲೇಬೇಕು. ಬೆಳ್ಳಂಬೆಳಿಗ್ಗೆ ಬರಿಗೈಯಲ್ಲಿ ಬಿರಬಿರನೆ ನಡೆದರೆ ಒಂದೇ ಅರ್ಥ: ಮನೆಯಲ್ಲಿ ಸಾವು, ಸುದ್ದಿ ಹೇಳಲು ಹೊರಟಿದ್ದಾನೆ.

ಬೀದಿ ತಿರುವಿನಲ್ಲಿ ಮಂದಾಜಿ ಎಂಬ ಸಿಹಿ ಬೋಂಡ ಕರಿಯುತ್ತಿದ್ದ ಅಂಗಡಿಯಾಕೆ ಜಾಲರಿ ಎತ್ತಿ ನಿಲ್ಲಿಸಿದಳು. “ಎಲ್ಲಿಗಣ್ಣಾ ಇಷ್ಟೊತ್ತಿಗೆ?”

“ಎಲ್ಲಿಗೂ ಇಲ್ಲ ಕಣಮ್ಮ.”

“ಅಯ್ಯೋ, ಬಾಯಿಬಿಟ್ಟು ಹೇಳಕ್ಕೂ ಆಗ್ತಿಲ್ಲ! ಯಾರು, ನಿಮ್ಮತ್ತೆನಾ?”

“ಅತ್ತೆ ರುಬ್ಬೋ ಗುಂಡಿನ ಹಾಗಿದ್ದಾಳೆ!”

“ಪಾಪ, ದುಃಖಕ್ಕೆ ತಲೆ ಕೆಟ್ಟಿದೆ,” ಎಂದು ಬಿಸಿ ಮಂದಾಜಿ, ಪಾಕದಂಥ ಚಹಾ ಕೈಗಿಟ್ಟಳು. ಸಾವಿನ ಮನೆಯವರಿಗೆಂದು ಕೊಟ್ಟಿದ್ದನ್ನು ಬೇಡವೆಂದರೆ ಕೊಟ್ಟವರನ್ನು ಬೈದ ಹಾಗೆ. ತಿಂದ, ಕುಡಿದ.

ಲೋಟ ಟಣಟಣ ಕುಟ್ಟುತ್ತ ಬಂದ ಕಾಫಿ ಮಾರುವ ಮುದುಕ ಕಡಲೆಕಾಯಿ ಮಿಠಾಯಿಯನ್ನು ಬಾಯಿಗೇ ತುರುಕಿದ. “ಮನಸ್ಸು ಗಟ್ಟಿ ಮಾಡ್ಕೋ ತಮ್ಮಾ.”

ಕಿಹಿಯೊ ಓಡಿದ. ಓಡಿದ್ದೇ ತಪ್ಪಾಯಿತು. “ಒಂದಲ್ಲ, ಎರಡು ಹೆಣ!” ಎಂಬ ಸುದ್ದಿ ಬಾಡಿಗೆ ಬೈಕು ಹತ್ತಿ ಅವನಿಗಿಂತ ಮೊದಲೇ ಮನೆ ಸೇರಿತು.

ಅಂಗಳದ ತುಂಬ ಜನ, ಸಾವಿನ ಮನೆಗೆಂದು ಅವರು ತಂದ ಚಾಪೆ, ಸೌದೆ, ಸಕ್ಕರೆ ಪೊಟ್ಟಣ. ಹೆಂಡತಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು.

“ಯಾರೇ ಸತ್ತಿದ್ದು?”

“ನಂಗೇನ್ರೀ ಗೊತ್ತು? ಊರೆಲ್ಲ ಅಳ್ತಾ ಬಂದಾಗ ನಾನೊಬ್ಳು ಸುಮ್ನೆ ನಿಂತ್ರೆ ಚೆನ್ನಾಗಿರತ್ತಾ?”

ನಡುವೆ ಅತ್ತೆ ತನ್ನದೇ ಸಾವಿನ ಚಹಾ ಹೀರುತ್ತ, “ಸಕ್ಕರೆ ಸಾಲ್ದು,” ಎನ್ನುತ್ತಿದ್ದಳು.

ದುಃಖ ಕೇಳಲು ಬಂದ ತುಮೈನಿ ಕಿಹಿಯೊನ ಮೀಸೆಗಂಟಿದ ಮಿಠಾಯಿ ನೋಡಿದಳು. “ಇದೇನಾ ಅಜ್ಜ ನೀವು ನಡೆಯೋದು? ನಾಳೆ ಸರಿಯಾಗಿ ನಡೀರಿ. ಇಲ್ಲಾಂದ್ರೆ ಸೂಜಿ.”

ಕಿಹಿಯೊ ಅಂಗಿಯ ತೋಳು ಮಡಚಿ, ಕಣ್ಣು ಮುಚ್ಚಿ ಕೈ ಚಾಚಿದ. “ಚುಚ್ಚಿಬಿಡು ತಾಯಿ. ಈ ಊರಲ್ಲಿ ನಡೆಯೋದಕ್ಕಿಂತ ಅದೇ ವಾಸಿ.”

“ಆಯ್ತು,” ಎಂದಳು ತುಮೈನಿ. “ಹಾಗಾದ್ರೆ ಸೂಜಿಗೆ ದಿನಾ ಬೆಳಗಾಗೋ ಮೊದ್ಲೇ ಖಾಲಿ ಹೊಟ್ಟೇಲಿ ಆಸ್ಪತ್ರೆಗೆ ನಡ್ಕೊಂಡು ಬನ್ನಿ. ಮಂದಾಜಿ ಅಂಗಡಿ ಮುಂದಿನ ದಾರಿನೇ ಹತ್ರ.”